ರಾಯಚೂರು ಕದನ: ಬೆನ್ನಿಗಿದ್ದ ಹೊಳೆ

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಮಿಯನ್ನು ಶಾಸನಗಳು ಎಡೆದೊರೆನಾಡೆಂದು ಕರೆದಿವೆ. ಪಾಮನಕಲ್ಲೂರು ಇರುವುದೂ ಇದರಲ್ಲಿಯೇ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಬಿಜಾಪುರದ ಇಸ್ಮಾಯಿಲ್ ಆದಿಲಷಹನು ಅದರ ರಕ್ಷಣೆಗೆಂದು ಕೃಷ್ಣೆಯನ್ನು ದಾಟಿ ಬಂದನು. ಆತನ ನಚ್ಚು ಫಿರಂಗಿಗಳಲ್ಲಿ. ಅವು ಒಮ್ಮೆಗೇ ಸಿಡಿದು ವಿಜಯನಗರದ ಮುಂಚೂಣಿಯನ್ನು ಚೆದುರಿಸಿದವು. ಆದರೆ ಮತ್ತೆ ಮದ್ದು ತುಂಬಲು ಹೊತ್ತು ಬೇಕಷ್ಟೆ! ಅಷ್ಟರಲ್ಲಿ ರಾಯನು ಎರಡನೆಯ ಪಡೆಯನ್ನು ತಾನೇ ಮುನ್ನಡೆಸಿ ಮೇಲೆಬಿದ್ದನು. ಹಿಮ್ಮೆಟ್ಟಿದವರಿಗೆ ದಾಟಿಬಂದ ಹೊಳೆಯೇ ಅಡ್ಡವಾಯಿತು, ಅನೇಕರು ನೀರುಪಾಲಾದರು. ಕ್ರಿ.ಪೂ. 490ರಲ್ಲಿ ಗ್ರೀಕರೆದುರು ಮ್ಯಾರಥಾನ್ ಬಯಲಿನಲ್ಲಿ ಸೋತ ಪರ್ಷಿಯನ್ನರ ಬೆನ್ನಿಗೆ ಕಡಲಿತ್ತು. ಅವರಿಗಾದರೋ ಏರಿಹೋಗಲು ಹಡಗುಗಳಿದ್ದವು. ಆದಿಲಷಹನು ಆನೆಯೇರಿ ಪಾರಾದನು. ಬಳಿಕ ಪೋರ್ತುಗೀಸ ಫಿಗೆರೆಡೊನ ಬಂದೂಕುಗಾರರು ಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಉರುಳಿಸಿದರು. ಕೋಟೆಯು ರಾಯನ ವಶವಾಯಿತು.