ಬುಕ್‌ಮಾರ್ಕ್ ಒತ್ತಿದರೆ ಹ್ಯಾಂಗ್: ನಾಲ್ಕು ಊರಿನ ರಿಪೇರಿ ಪಾಠಗಳು

ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತೆಂದರೆ ಅದು ಯಾವುದೋ ಸೈಬರ್ ಅಂಗಡಿಯದ್ದೇ. "ಸಾರ್, ಬುಕ್‌ಮಾರ್ಕ್ ಒತ್ತಿದ್ರೆ ಹಂಗೇ ನಿಂತೋಯ್ತದೆ, ಎದುರಿಗೆ ಎಂಟು ಜನ ನಿಂತವ್ರೆ." ನನ್ನ ಬಿಡಾರ ಹಾಸನದಲ್ಲಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆ ಬಸ್ಸು ಹತ್ತಿದರೂ ಸುಮಾರು ಒಂದು ಗಂಟೆ. ಈ ಅಂಗಡಿಗಳಲ್ಲಿ ಬುಕ್‌ಮಾರ್ಕ್ ಅಂದರೆ ಬಿಡುವಿನಲ್ಲಿ ಓದೋಣ ಅಂತ ಗುರುತಿಟ್ಟ ಪುಟವಲ್ಲ. ಪಹಣಿಗೆ ಭೂಮಿ, ಜಾತಿ ಆದಾಯಕ್ಕೆ ನಾಡಕಚೇರಿ, ಇಸಿಗೆ ಕಾವೇರಿ, ರೈತರ ಐಡಿಗೆ ಫ್ರೂಟ್ಸ್, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ. ಬ್ರೌಸರಿನ ನೆತ್ತಿಯ ಮೇಲೆ ಸಾಲಾಗಿ ಕೂತ ಆ ಹತ್ತಿಪ್ಪತ್ತು ಹೆಸರುಗಳಿಂದಲೇ ಅಂಗಡಿಯ ಬಾಡಿಗೆ ಹುಟ್ಟಬೇಕು. ಈ ಓಡಾಟದಲ್ಲಿ ಕಲಿತದ್ದನ್ನು ನೆನಪಾದ ಕ್ರಮದಲ್ಲಿ ಬರೆಯುತ್ತೇನೆ.

1. ಮೌಸ್ ಅವರ ಕೈಯಲ್ಲೇ ಇರಲಿ. ಹೊಳೆನರಸೀಪುರದಲ್ಲಿ ಪತ್ರ ಬರೆಯುವವರೊಬ್ಬರ ಅಂಗಡಿಗೆ ಮೂರು ಸಲ ಹೋಗಿ ಬಂದೆ. ಹೋದಾಗಲೆಲ್ಲ ಅವರ ಕುರ್ಚಿಯಲ್ಲಿ ನಾನು ಕೂತು ಒತ್ತುತ್ತಿದ್ದೆ, ಎಲ್ಲ ಸರಿಯಾಗಿ ತೆರೆಯುತ್ತಿತ್ತು. ನಾನು ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮತ್ತೆ ಫೋನ್. ನಾಲ್ಕನೇ ಸಲ ಕೂರಲಿಲ್ಲ, ಹಿಂದೆ ನಿಂತೆ. "ನೀವೇ ತೆಗೀರಿ ಯಜಮಾನ್ರೆ, ನಾನು ನೋಡ್ತೀನಿ" ಅಂದೆ. ಅವರ ಬಲಗೈಯ ತೋರುಬೆರಳಿನ ತುದಿಗೆ ಹಳೆಯ ಗಾಯ. ಹಾಗಾಗಿ ನಡುಬೆರಳಿನಲ್ಲಿ ಒತ್ತುತ್ತಿದ್ದರು, ಆ ಬೆರಳು ಮೌಸಿನ ಉರುಳೆಯ ಮೇಲೆ ಬೀಳುತ್ತಿತ್ತು. ಫೋಲ್ಡರಿನ ಮೇಲೆ ಉರುಳೆ ಒತ್ತಿದರೆ ಅದರೊಳಗಿನ ಅಷ್ಟೂ ಪುಟಗಳು ಒಂದೇ ಏಟಿಗೆ ತೆರೆಯುತ್ತವೆ. ಹದಿನೈದೋ ಅದಕ್ಕಿಂತ ಹೆಚ್ಚೋ ಇದ್ದರೆ ಕ್ರೋಮ್ "ಇಷ್ಟನ್ನೂ ತೆರೆಯಲಾ?" ಅಂತ ಕೇಳುತ್ತದೆ. ಅವರ ಫೋಲ್ಡರಿನಲ್ಲಿ ಇದ್ದದ್ದು ಹದಿನಾಲ್ಕು, ಕೇಳುವ ಪ್ರಶ್ನೆಯೇ ಇಲ್ಲ. 4 ಜಿಬಿ ರ‍್ಯಾಮಿನ ಯಂತ್ರ ಹದಿನಾಲ್ಕು ಸರ್ಕಾರಿ ಪುಟಗಳನ್ನು ಒಟ್ಟಿಗೆ ಹೊತ್ತು ಮೇಲೇಳುವುದಾದರೂ ಹೇಗೆ? ಫೋಲ್ಡರ್ ಬಿಚ್ಚಿ, ಬೇಕಾದ ಆರನ್ನು ಬಿಡಿಬಿಡಿಯಾಗಿ ಮೇಲಿನ ಪಟ್ಟಿಗೆ ಎಳೆದಿಟ್ಟು ಬಂದೆ. ಆ ಅಂಗಡಿಯಿಂದ ಮತ್ತೆ ಆ ದೂರು ಬರಲಿಲ್ಲ.

2. "ಹ್ಯಾಂಗ್" ಅನ್ನುವುದು ಕಾಯಿಲೆಯ ಹೆಸರಲ್ಲ. ಹೊಟ್ಟೆನೋವು ಅಂದ ಹಾಗೆ, ಎಲ್ಲಿ ಅಂತ ಕೇಳಬೇಕು. ಬುಕ್‌ಮಾರ್ಕಿನ ಪಟ್ಟಿ ಬಿಚ್ಚುವಾಗಲೇ ನಿಂತರೆ ದೋಷ ಪಟ್ಟಿ ಬರೆದಿಟ್ಟ ಫೈಲಿನಲ್ಲೋ ಡಿಸ್ಕಿನಲ್ಲೋ ಇರುತ್ತದೆ. ಪಟ್ಟಿ ಬಿಚ್ಚಿತು, ಪುಟ ಮಾತ್ರ ಬಿಳಿಯಾಗಿ ಸುತ್ತುತ್ತಿದೆ, ಪಕ್ಕದ ಟ್ಯಾಬ್ ಚೆನ್ನಾಗಿದೆ ಅಂದರೆ ನೆಟ್ಟನ್ನೋ ಆ ವಿಳಾಸವನ್ನೋ ನೋಡಬೇಕು. ಇಡೀ ಕಿಟಕಿ ಮಂಕಾಗಿ ತಲೆಯ ಮೇಲೆ "ನಾಟ್ ರೆಸ್ಪಾಂಡಿಂಗ್" ಅಂತ ಬಂದರೆ ಎಕ್ಸ್‌ಟೆನ್ಷನ್, ಗ್ರಾಫಿಕ್ಸ್ ಡ್ರೈವರ್, ಮೆಮೊರಿ, ಈ ಮೂರರ ಮೇಲೆ ನನ್ನ ಅನುಮಾನ. ಕ್ರೋಮ್ 2008ರಲ್ಲಿ ಬಂದಾಗಿನಿಂದಲೂ ಟ್ಯಾಬುಗಳನ್ನು ಬೇರೆ ಬೇರೆ ಪ್ರೋಸೆಸ್ಸಾಗಿ ಓಡಿಸುತ್ತದೆ. ಒಂದು ಟ್ಯಾಬ್ ಮಲಗಿದ ಮಾತ್ರಕ್ಕೆ ಮನೆಯೆಲ್ಲ ಮಲಗಬೇಕಿಲ್ಲ. ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿದರೆ ಕ್ರೋಮಿನದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಯಾರು ಎಷ್ಟು ಮೆಮೊರಿ ನುಂಗುತ್ತಿದ್ದಾರೆ ಅಂತ ಅಲ್ಲಿ ಹೆಸರು ಸಮೇತ ಇರುತ್ತದೆ.

3. ಮೊದಲು ನಕಲು, ಆಮೇಲೆ ಕೈ. ಈ ಪಾಠಕ್ಕೆ ನಾನು ಮಾನ ಕೊಟ್ಟಿದ್ದೇನೆ. ಕೆಲಸ ಶುರುಮಾಡಿದ ಹೊಸತರಲ್ಲಿ ಅರಕಲಗೂಡಿನ ಒಂದು ಅಂಗಡಿಯಲ್ಲಿ "ಫಾರ್ಮ್ಯಾಟ್ ಹೊಡೆದ್ರೆ ಎಲ್ಲಾ ಸರಿಹೋಗುತ್ತೆ ಅಕ್ಕ" ಅಂದೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫೋಟೋ ಎಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಬುಕ್‌ಮಾರ್ಕ್ ನೆನಪಾಗಲಿಲ್ಲ. ಹೊಸ ವಿಂಡೋಸ್ ಕೂತು ಬ್ರೌಸರ್ ತೆರೆದಾಗ ಮೇಲಿನ ಪಟ್ಟಿ ತೊಳೆದಿಟ್ಟ ತಟ್ಟೆ. ಆಯಮ್ಮ ಬೈಯಲಿಲ್ಲ. ಕಾಫಿ ತರಿಸಿಕೊಟ್ಟು, "ಏಳು ವರ್ಷದ್ದು ಕಣಪ್ಪ" ಅಂದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಕ್ರೋಮಿನಲ್ಲಿ ಆ ಪಟ್ಟಿ ಇರುವುದು ಯೂಸರ್ ಡೇಟಾ ಫೋಲ್ಡರಿನೊಳಗೆ, ಡಿಫಾಲ್ಟ್ ಅನ್ನುವ ಪ್ರೊಫೈಲಿನಲ್ಲಿ, "ಬುಕ್‌ಮಾರ್ಕ್ಸ್" ಅನ್ನುವ ಬಾಲವಿಲ್ಲದ ಫೈಲಿನಲ್ಲಿ. ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದಾದ ಬರಹ ಅದು. ಪಕ್ಕದಲ್ಲೇ "ಬುಕ್‌ಮಾರ್ಕ್ಸ್ ಡಾಟ್ ಬ್ಯಾಕ್" ಅಂತ ಒಂದು ಹಿಂದಿನ ಪ್ರತಿ. ಪಟ್ಟಿ ಮಾಯವಾಗಿದೆ ಅಂದ ತಕ್ಷಣ ಬ್ರೌಸರನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಬಾರದು. ಕೆಟ್ಟದ್ದೇ ಬಂದು ಹಿಂದಿನ ಪ್ರತಿಯ ಮೇಲೂ ಕೂತುಬಿಡುತ್ತದೆ. ಬ್ರೌಸರ್ ಮುಚ್ಚಿ, ಎರಡನ್ನೂ ಬೇರೆ ಕಡೆ ನಕಲು ಮಾಡಿ, ಆಮೇಲೆ ಉಳಿದ ಮಾತು. ಫೈರ್‌ಫಾಕ್ಸ್ ಈ ವಿಷಯದಲ್ಲಿ ಹಳೇ ಕಾಲದ ಶ್ಯಾನುಭೋಗರಂತೆ. ತಾನೇ ದಿನದ ಪ್ರತಿ ಬರೆದು, ಪ್ರೊಫೈಲಿನ ಬುಕ್‌ಮಾರ್ಕ್‌ಬ್ಯಾಕಪ್ಸ್ ಫೋಲ್ಡರಿನಲ್ಲಿ 15ರವರೆಗೂ ಇಟ್ಟುಕೊಂಡಿರುತ್ತದೆ.

4. ಕರೆಂಟು ಹೋದ ಹೊತ್ತು ಕೇಳಿ. ಮಳೆಗಾಲದಲ್ಲಿ ಅರಕಲಗೂಡು ಕಡೆಯಿಂದ ಬರುವ ಬುಕ್‌ಮಾರ್ಕ್ ದೂರಿನ ಬೇರು ಬಹಳ ಸಲ ಮೇಜಿನ ಕೆಳಗೆ ಇರುತ್ತದೆ. ಯುಪಿಎಸ್ ಇರುತ್ತದೆ, ದೀಪವೂ ಉರಿಯುತ್ತಿರುತ್ತದೆ, ಬ್ಯಾಟರಿ ಸತ್ತು ಎರಡು ವರ್ಷವಾಗಿರುತ್ತದೆ. ಫೈಲ್ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಬರಹ ಅರ್ಧಕ್ಕೆ ತುಂಡಾಗಬಹುದು. ಫೈರ್‌ಫಾಕ್ಸ್ ಬುಕ್‌ಮಾರ್ಕನ್ನೂ ಹಿಸ್ಟರಿಯನ್ನೂ ಪ್ಲೇಸಸ್ ಡಾಟ್ ಎಸ್‌ಕ್ಯೂಲೈಟ್ ಅನ್ನುವ ಒಂದೇ ಕಣಜದಲ್ಲಿ ತುಂಬುವುದರಿಂದ ಅದಕ್ಕೆ ಗೆದ್ದಲು ಹಿಡಿದರೆ ಎರಡೂ ಮುಗ್ಗರಿಸುತ್ತವೆ. ವಿಳಾಸದ ಜಾಗದಲ್ಲಿ ಅಬೌಟ್ ಸಪೋರ್ಟ್ ತೆರೆದು ಕೆಳಗಿಳಿದರೆ ಪ್ಲೇಸಸ್ ಡೇಟಾಬೇಸ್ ಅನ್ನುವ ಭಾಗದಲ್ಲಿ "ವೆರಿಫೈ ಇಂಟೆಗ್ರಿಟಿ" ಗುಂಡಿ ಇದೆ. ಒತ್ತಿ ಕಾಯಬೇಕು. ಅದರಿಂದಲೂ ಆಗದಿದ್ದರೆ ದಿನದ ಪ್ರತಿಯಿಂದ ವಾಪಸ್ ತರಬೇಕು.

ಹೀಗೆ ಪದೇ ಪದೇ ಕರೆಂಟಿನ ಏಟು ತಿಂದ ಹಳೆಯ ಹಾರ್ಡ್‌ಡಿಸ್ಕಿನ ಸದ್ದಿಗೂ ಕಿವಿ ಕೊಡಿ. ಪಟ್ಟಿ ಬಿಚ್ಚಿದಾಗ ಪ್ರತಿ ಹೆಸರಿನ ಪಕ್ಕದ ಸಣ್ಣ ಚಿತ್ರವನ್ನೂ ಡಿಸ್ಕಿನಿಂದ ಓದಬೇಕು. ಓದುವ ಜಾಗ ಹಾಳಾಗಿದ್ದರೆ ಕಟ್‌ಕಟ್ ಅನ್ನುತ್ತಾ ಅಲ್ಲೇ ಸುತ್ತುತ್ತದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಅಂತ ಕೆಂಪಾಗಿ ನಿಂತಿರುತ್ತದೆ. ಆಗ ಬ್ರೌಸರ್ ತೆಗೆದು ಹಾಕುವುದು ಹಲ್ಲುನೋವಿಗೆ ಚಪ್ಪಲಿ ಬದಲಿಸಿದಂತೆ. ಎಸ್‌ಎಸ್‌ಡಿ ಹಾಕಿಸಿ ಅನ್ನುತ್ತೇನೆ. "ಮುಂದಿನ ತಿಂಗ್ಳು ನೋಡಣ" ಅನ್ನುತ್ತಾರೆ.

5. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಅದೇ ಬುಕ್‌ಮಾರ್ಕ್ ಒತ್ತಿ ನೋಡಿ. ಅಲ್ಲಿ ಎಕ್ಸ್‌ಟೆನ್ಷನ್ನುಗಳು ಸಾಮಾನ್ಯವಾಗಿ ಸುಮ್ಮನಿರುತ್ತವೆ. ಅಲ್ಲಿ ಚೆನ್ನಾಗಿ ತೆರೆದರೆ, ಪಿಡಿಎಫ್ ಪುಕ್ಕಟೆ ಮಾಡಿಕೊಡುತ್ತೇನೆ ಅಂತ ಬಂದು ಕೂತವರನ್ನು ಒಬ್ಬೊಬ್ಬರಾಗಿ ಆಚೆ ಕಳಿಸಿ.

6. ಎಲ್ಲ ಬುಕ್‌ಮಾರ್ಕೂ ಇಂಟರ್‌ನೆಟ್ಟಿನದಲ್ಲ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರದ ಒಂದು ಕಚೇರಿ. ಅಣ್ಣ ತಮ್ಮ ಇಬ್ಬರು, ಎರಡು ಕಂಪ್ಯೂಟರ್. "ರೇಟು" ಅನ್ನುವ ಬುಕ್‌ಮಾರ್ಕ್ ಸೋಮವಾರ ಬೆಳಿಗ್ಗೆ ಮಾತ್ರ ನಿಲ್ಲುತ್ತದೆ, ಮಿಕ್ಕ ದಿನ ಓಡುತ್ತದೆ ಅಂತ ದೂರು. ವಾರ ನೋಡಿ ಬರುವ ಕಾಯಿಲೆ ಯಂತ್ರಕ್ಕೆ ಎಲ್ಲಿಯದು? ಬುಕ್‌ಮಾರ್ಕಿನ ಮೇಲೆ ಬಲಗುಂಡಿ ಒತ್ತಿ ಎಡಿಟ್ ಅಂದೆ. ವಿಳಾಸ ಶುರುವಾದದ್ದು ಎಚ್‌ಟಿಟಿಪಿಯಿಂದಲ್ಲ, "ಫೈಲ್" ಅಂತ. ತಮ್ಮನ ಕಂಪ್ಯೂಟರಿನಲ್ಲಿ ಇಟ್ಟ ದರದ ಪಟ್ಟಿ ಅದು. ಭಾನುವಾರ ಹೆಂಡತಿಯ ಊರಿಗೆ ಹೋಗುವ ತಮ್ಮ ಸೋಮವಾರ ಬರುವುದು ಹನ್ನೊಂದಕ್ಕೆ. ಅವನ ಯಂತ್ರ ಆಫ್. ಇಲ್ಲದವನ ಬಾಗಿಲು ತಟ್ಟುತ್ತಾ ಅಣ್ಣನ ಬ್ರೌಸರ್ ನಿಂತಿರುತ್ತಿತ್ತು. ಪಟ್ಟಿಯನ್ನು ಅಣ್ಣನ ಯಂತ್ರಕ್ಕೆ ತಂದು ಹಾಕಿದೆ. ಅಣ್ಣನಿಗೆ ಸಿಟ್ಟು ಬಂದದ್ದು ಯಂತ್ರದ ಮೇಲಲ್ಲ. ಆ ಜಗಳದಲ್ಲಿ ನಾನಿರಲಿಲ್ಲ, ಎರಡು ಎಳನೀರು ಕುಡಿದು ಹೊರಟೆ.

ಅಂದಿನಿಂದ ಎಡಿಟ್ ಒತ್ತಿ ವಿಳಾಸ ಓದದೆ ಯಾವ ಬುಕ್‌ಮಾರ್ಕಿಗೂ ಔಷಧಿ ಹೇಳುವುದಿಲ್ಲ. ವಿಳಾಸ "ಜಾವಾಸ್ಕ್ರಿಪ್ಟ್" ಅಂತ ಶುರುವಾಗಿದ್ದರೆ ಅದು ಪುಟವೇ ಅಲ್ಲ, ಒತ್ತಿದಾಗ ಓಡುವ ಸಣ್ಣ ಪ್ರೋಗ್ರಾಂ. ಹಾಕಿದವರು ಯಾರು ಅಂತ ಗೊತ್ತಿಲ್ಲದಿದ್ದರೆ ಅಳಿಸಿ.

7. ಲಾಗಿನ್ ಆಗಿ ಒಳಗೆ ಹೋದ ಮೇಲೆ ನಕ್ಷತ್ರ ಒತ್ತಬೇಡಿ. ಒಳಗಿನ ಪುಟದ ವಿಳಾಸಕ್ಕೆ ಆ ಹೊತ್ತಿನ ಸೆಷನ್ನಿನ ಬಾಲ ಅಂಟಿಕೊಂಡಿರುವುದುಂಟು. ನಾಳೆ ಒತ್ತಿದರೆ ನಿನ್ನೆಯ ಟಿಕೆಟ್ ಹಿಡಿದು ಬಸ್ಸು ಹತ್ತಿದಂತೆ. ಬಾಗಿಲ ಪುಟವನ್ನೇ ಗುರುತಿಡಿ. ವಿಳಾಸಗಳೂ ಬದಲಾಗುತ್ತವೆ. 2023ರಲ್ಲಿ ಕಾವೇರಿ 2.0 ಬಂದ ಮೇಲೂ ಹಳೆಯ ಕಾವೇರಿಯ ಗುರುತನ್ನೇ ಒತ್ತಿ ಕಾಯುತ್ತಿದ್ದವರನ್ನು ಕಂಡಿದ್ದೇನೆ.

8. ಯಾವ ಪುಟವೂ ತೆರೆಯದಿದ್ದರೆ ಮೂಲೆಯ ಗಡಿಯಾರ ನೋಡಿ. ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಮುಗಿದಿದೆ. ಗೋಡೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

9. ವಿಂಡೋಸ್ 7 ಬಗ್ಗೆ ನಾನು ಉಪದೇಶ ಮಾಡುವುದು ಬಿಟ್ಟೆ, ಲೆಕ್ಕ ಮಾತ್ರ ಹೇಳುತ್ತೇನೆ. 2020ರ ಜನವರಿ 14ಕ್ಕೆ ಅದರ ಬೆಂಬಲ ನಿಂತಿತು. ಅದರ ಮೇಲೆ ಓಡುವ ಕೊನೆಯ ಕ್ರೋಮ್ 109, 2023ರ ಜನವರಿಯದ್ದು. ಹೊಸ ಪುಟಗಳು ಅದರಲ್ಲಿ ತಡವರಿಸಿದರೆ ಬುಕ್‌ಮಾರ್ಕನ್ನು ಬೈದು ಫಲವಿಲ್ಲ.

10. ಹಳೆಯ ಯಂತ್ರದಿಂದ ಹೊಸದಕ್ಕೆ ಇಂಪೋರ್ಟ್ ಮಾಡುವಾಗ ಒಂದೇ ಸಲ ಮಾಡಿ. ಆಗಲಿಲ್ಲವೇನೋ ಅಂತ ಮತ್ತೆ ಮತ್ತೆ ಒತ್ತಿದವರ ಪಟ್ಟಿಯಲ್ಲಿ "ಇಂಪೋರ್ಟೆಡ್" ಅನ್ನುವ ಫೋಲ್ಡರಿನ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಒಂದೇ ಭೂಮಿ ನಲವತ್ತು ಕಡೆ. ಅಳಿಸುವ ಮುನ್ನ ಸಿಂಕ್ ನಿಲ್ಲಿಸಿ. ಇಲ್ಲಿ ಅಳಿಸಿದ್ದು ಮನೆಯ ಲ್ಯಾಪ್‌ಟಾಪಿನಲ್ಲೂ ಮಗಳ ಮೊಬೈಲಿನಲ್ಲೂ ಅಳಿಯುತ್ತದೆ.

11. ಕೊನೆಯದು ನಾನು ಕಲಿಸಿದ್ದಲ್ಲ. ಕೊಣನೂರಿನ ಒಂದು ಅಂಗಡಿಯ ಹುಡುಗಿ ಬುಕ್‌ಮಾರ್ಕುಗಳನ್ನು ಎಕ್ಸ್‌ಪೋರ್ಟ್ ಮಾಡಿ ಪ್ರಿಂಟ್ ತೆಗೆದು ಗೋಡೆಗೆ ಮೈದಾ ಅಂಟಿನಲ್ಲಿ ಅಂಟಿಸಿದ್ದಳು. ಹಾಗೆ ತೆಗೆದ ಪ್ರಿಂಟಿನಲ್ಲಿ ಹೆಸರಷ್ಟೇ ಬರುತ್ತದೆ, ವಿಳಾಸ ಬರುವುದಿಲ್ಲ. ಅದು ಗೊತ್ತಾದ ಮೇಲೆ ಪ್ರತಿ ಹೆಸರಿನ ಮುಂದೆ ವಿಳಾಸವನ್ನು ನೀಲಿ ಪೆನ್ನಿನಲ್ಲಿ ಗುಂಡಗೆ ಬರೆದಿದ್ದಳು. ನಾನು ಹೋದ ದಿನ ಬ್ರೌಸರ್ ನಿಂತಿತ್ತು, ಕ್ಯೂ ನಿಂತಿರಲಿಲ್ಲ. ಇನ್ನೊಂದು ಬ್ರೌಸರ್ ತೆರೆದು, ಗೋಡೆ ನೋಡಿಕೊಂಡು ವಿಳಾಸ ಒತ್ತುತ್ತಾ ಹೊಗೆಸೊಪ್ಪಿನ ಬೆಳೆಗಾರರೊಬ್ಬರಿಗೆ ಪಹಣಿ ತೆಗೆದುಕೊಡುತ್ತಿದ್ದಳು. "ಕೂತ್ಕೊಳ್ಳಿ ಸಾರ್, ಇವ್ರದ್ದೊಂದು ಮುಗಿಸ್ಬಿಡ್ತೀನಿ" ಅಂದಳು. ಹಾಳೆಯಲ್ಲಿ ಎರಡು ವಿಳಾಸ ಹೊಡೆದು ಹಾಕಿ ಕೆಂಪು ಪೆನ್ನಿನಲ್ಲಿ ಹೊಸದು ಬರೆದಿತ್ತು.