ಡೆಟ್ರಾಯಿಟ್‌ನಲ್ಲಿ ಮನೆ ನೋಡೋಕೆ ಮುಂಚೆ ಕಟ್ಟಡ ನೋಡಿ

ಡೆಟ್ರಾಯಿಟ್ ಅಂದ ಕೂಡಲೇ ನಮ್ಮ ಮೆಕ್ಯಾನಿಕಲ್‌ನವರಿಗೆ ಫೋರ್ಡ್, ಜನರಲ್ ಮೋಟಾರ್ಸ್ ನೆನಪಾಗುತ್ತವೆ. ಉಳಿದವರಿಗೆ ಯೂಟ್ಯೂಬಿನಲ್ಲಿ ನೋಡಿದ ಪಾಳುಬಿದ್ದ ಕಾರ್ಖಾನೆಗಳು. ಎರಡೂ ಸುಳ್ಳಲ್ಲ. 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದ ಊರಲ್ಲಿ 2020ರ ಜನಗಣತಿಗೆ ಉಳಿದಿದ್ದವರು 6.39 ಲಕ್ಷ. 2013ರ ಜುಲೈನಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಆದರೆ ಅದೇ ಊರಿನ ನಡುಭಾಗ, ಅಂದ್ರೆ ಡೌನ್‌ಟೌನ್, ಈಗ ಮತ್ತೆ ತುಂಬಿಕೊಳ್ಳುತ್ತಿದೆ. 1988ರಲ್ಲಿ ಮುಚ್ಚಿಹೋಗಿದ್ದ ಮಿಶಿಗನ್ ಸೆಂಟ್ರಲ್ ರೈಲು ನಿಲ್ದಾಣವನ್ನು ಫೋರ್ಡ್ ಕಂಪನಿ 2018ರಲ್ಲಿ ಕೊಂಡು, ದುರಸ್ತಿ ಮಾಡಿ, 2024ರ ಜೂನ್‌ನಲ್ಲಿ ಬಾಗಿಲು ತೆರೆಯಿತು. 1984ರಲ್ಲಿ ಮುಚ್ಚಿದ್ದ ಬುಕ್ ಕ್ಯಾಡಿಲಾಕ್ ಹೋಟೆಲ್ 2008ರಲ್ಲೇ ಮತ್ತೆ ಶುರುವಾಗಿತ್ತು. ಅದರ ಮೇಲಿನ ಮಹಡಿಗಳು ಈಗ ಕಾಂಡೊಗಳು.

ಇದು ನಮಗ್ಯಾಕೆ ಅಂತ ಕೇಳಬಹುದು. ಆಟೊಮೊಬೈಲ್ ಕನಸು ಹೊತ್ತು ಎಂ.ಎಸ್. ಮಾಡೋಕೆ ಆ ಕಡೆ ಹೋಗುವ ಕನ್ನಡದ ಹುಡುಗ ಹುಡುಗಿಯರು ಕಡಿಮೆಯಿಲ್ಲ. ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯ ಇರೋದೇ ಡೌನ್‌ಟೌನಿಗೆ ಹೊಂದಿಕೊಂಡ ಮಿಡ್‌ಟೌನ್‌ನಲ್ಲಿ. ಓದು ಮುಗಿದು, ಕೆಲಸ ಸಿಕ್ಕಿ, ಎರಡು ಮೂರು ವರ್ಷ ಬಾಡಿಗೆ ಕಟ್ಟಿದ ಮೇಲೆ ಎಲ್ಲರಿಗೂ ಬರೋ ಯೋಚನೆ ಒಂದೇ: ಈ ಬಾಡಿಗೆ ದುಡ್ಡಿಗೆ ಸ್ವಂತ ಕಾಂಡೊನೇ ತಗೋಬಹುದಲ್ವಾ? ಆಗ ಮಾತು ಹೋಗೋದು ಎಷ್ಟನೇ ಮಹಡಿ, ನದಿ ಕಾಣುತ್ತಾ, ಜಿಮ್ ಇದೆಯಾ ಅನ್ನೋ ಕಡೆಗೆ. ನಾವು ಈ ಪಾಠದಲ್ಲಿ ಹೇಳೋದು ಇಷ್ಟೇ: ಚೇತರಿಸಿಕೊಳ್ಳುತ್ತಿರುವ ಊರಲ್ಲಿ ನೀವು ಕೊಳ್ಳೋದು ನಾಲ್ಕು ಗೋಡೆಯನ್ನಲ್ಲ, ಒಂದು ಹಳೇ ಕಟ್ಟಡದ ಸಾಲ ಸೋಲಗಳಲ್ಲಿ ಪಾಲನ್ನು. ಮನೆ ಚೆನ್ನಾಗಿದ್ದು ಕಟ್ಟಡ ಕೆಟ್ಟಿದ್ದರೆ ಮುಳುಗೋದು ನೀವೇ.

ಕಾಂಡೊ ಅಂದ್ರೆ ನಮ್ಮಲ್ಲಿನ ಫ್ಲಾಟಿನ ಅಣ್ಣನೋ ತಮ್ಮನೋ ಆಗಬೇಕು. ಮನೆಯ ಒಳಭಾಗ ನಿಮ್ಮದು. ಚಾವಣಿ, ಹೊರಗೋಡೆ, ಲಿಫ್ಟು, ಬಾಯ್ಲರು, ಮೆಟ್ಟಿಲು, ಪಾರ್ಕಿಂಗ್ ಇವೆಲ್ಲ ಎಲ್ಲ ಮಾಲೀಕರ ಜಂಟಿ ಆಸ್ತಿ. ನಮ್ಮ ಕರ್ನಾಟಕದಲ್ಲೂ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಹೇಳೋದು ಹೆಚ್ಚು ಕಡಿಮೆ ಇದನ್ನೇ. ಮಿಶಿಗನ್‌ನಲ್ಲಿ 1978ರ ಕಾಂಡೊ ಕಾಯ್ದೆ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವರಿಗೆ ಅಸೋಸಿಯೇಷನ್ ಮೀಟಿಂಗ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮೇಂಟೆನೆನ್ಸ್ ಇನ್ನೂರು ರೂಪಾಯಿ ಏರಿಸೋಕೆ ಎಷ್ಟು ಜಗಳ ಆಗುತ್ತೆ ಅಂತ ನೋಡಿದ್ದೀರಿ. ಅದೇ ಜಗಳವನ್ನು ನೂರು ವರ್ಷದ ಇಟ್ಟಿಗೆ ಕಟ್ಟಡಕ್ಕೆ, ಡಾಲರ್ ಲೆಕ್ಕದಲ್ಲಿ ಗುಣಿಸಿ.

ಇಲ್ಲಿ ಸಿವಿಲ್‌ನವರು ಸ್ವಲ್ಪ ಗಮನ ಕೊಡಿ. ಡೆಟ್ರಾಯಿಟ್ ಡೌನ್‌ಟೌನಿನ ಎಷ್ಟೋ ಕಟ್ಟಡಗಳು 1920ರ ದಶಕದವು. ಬುಕ್ ಕ್ಯಾಡಿಲಾಕ್ ಕಟ್ಟಿದ್ದೇ 1924ರಲ್ಲಿ. ಹೊರಗೆ ಇಟ್ಟಿಗೆ, ಕಲ್ಲು, ಟೆರಾಕೋಟ. ಜನವರಿಯಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೋಗೋದು ಮಾಮೂಲು. ಗೋಡೆಯ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತೆ, ಹಗಲು ಕರಗುತ್ತೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತೆ. ಹೀಗೆ ಚಳಿಗಾಲ ಪೂರ್ತಿ ಗೋಡೆಯನ್ನು ಒಳಗಿನಿಂದ ಬೆಣೆ ಹೊಡೆದಂಗೆ. ಹೊರಗೋಡೆಯ ದುರಸ್ತಿ ಅಂದ್ರೆ ಸ್ಕಾಫೋಲ್ಡಿಂಗ್ ಕಟ್ಟಿ, ವರ್ಷಗಟ್ಟಲೆ ನಡೆಯೋ ಕೆಲಸ. ಆ ಖರ್ಚಿಗೆ ಹಣ ಎಲ್ಲಿಂದ?

ಅದಕ್ಕೇ ಅಸೋಸಿಯೇಷನ್ನಿನ ಮೀಸಲು ನಿಧಿ ಇರೋದು. ಮಿಶಿಗನ್ ನಿಯಮದ ಪ್ರಕಾರ ವಾರ್ಷಿಕ ಬಜೆಟ್ಟಿನ ಕನಿಷ್ಠ 10% ಅದಕ್ಕೆ ತೆಗೆದಿಡಬೇಕು. ಕನಿಷ್ಠ ಅನ್ನೋ ಪದದ ಮೇಲೆ ಕಣ್ಣಿರಲಿ. ಹಳೇ ಕಟ್ಟಡಕ್ಕೆ ಇಷ್ಟು ಸಾಲದು. ನಿಧಿ ಖಾಲಿಯಾಗಿದ್ದಾಗ ಚಾವಣಿ ಸೋರಿದರೆ ಅಸೋಸಿಯೇಷನ್ ಎಲ್ಲ ಮಾಲೀಕರ ಮೇಲೂ ವಿಶೇಷ ವಂತಿಗೆ ಹಾಕುತ್ತೆ. ನೀವು ಮನೆ ಕೊಂಡು ಮೂರು ತಿಂಗಳಾಗಿದ್ದರೂ ಸರಿ, ಆ ಸೋರಿಕೆ ಹತ್ತು ವರ್ಷ ಹಳೇದಾಗಿದ್ದರೂ ಸರಿ, ಕಟ್ಟಬೇಕಾದವರು ನೀವು.

ಮುಂದೂಡಿದರೆ ಏನಾಗುತ್ತೆ ಅನ್ನೋದಕ್ಕೆ ಡೆಟ್ರಾಯಿಟ್ ಬಿಟ್ಟು ಒಂದು ನಿಮಿಷ ಫ್ಲಾರಿಡಾಕ್ಕೆ ಹೋಗಬೇಕು. 2021ರ ಜೂನ್ 24ರ ನಸುಕಿನಲ್ಲಿ ಸರ್ಫ್‌ಸೈಡ್ ಎಂಬಲ್ಲಿ 12 ಅಂತಸ್ತಿನ ಷಾಂಪ್ಲೇನ್ ಟವರ್ಸ್ ಸೌತ್ ಎಂಬ ಕಾಂಡೊ ಕಟ್ಟಡದ ಒಂದು ಭಾಗ ಕುಸಿದು 98 ಜನ ಸತ್ತರು. 1981ರಲ್ಲಿ ಕಟ್ಟಿದ್ದು, ಅಂಥಾ ಹಳೇದೇನಲ್ಲ. ಈಜುಕೊಳದ ಪಕ್ಕದ ಡೆಕ್ಕಿನ ಮೇಲೆ ನೀರು ಹರಿದುಹೋಗೋಕೆ ಇಳಿಜಾರಿಲ್ಲ, ವಾಟರ್‌ಪ್ರೂಫಿಂಗ್ ಹಾಳಾಗಿದೆ, ಕೆಳಗಿನ ಕಾಂಕ್ರೀಟಿಗೆ ಪೆಟ್ಟಾಗಿದೆ ಅಂತ 2018ರಲ್ಲೇ ಎಂಜಿನಿಯರ್ ವರದಿ ಬರೆದುಕೊಟ್ಟಿದ್ದರು. ದುರಸ್ತಿಗೆ ಸುಮಾರು 1.5 ಕೋಟಿ ಡಾಲರ್ ಬೇಕಾಯಿತು. ನಿಧಿಯಲ್ಲಿ ಅಷ್ಟು ಇರಲಿಲ್ಲ. ಯಾರು ಎಷ್ಟು ಕೊಡಬೇಕು ಅನ್ನೋ ವಾದದಲ್ಲೇ ವರ್ಷಗಳು ಹೋದವು. ಕುಸಿತಕ್ಕೆ ಇದೊಂದೇ ಕಾರಣ ಅಂತ ನಾವು ಹೇಳ್ತಿಲ್ಲ, ಮೂಲ ವಿನ್ಯಾಸದಲ್ಲೂ ದೋಷಗಳಿದ್ದವು. ಆದರೆ ಎಂಜಿನಿಯರ್ ಬರೆದ ವರದಿ ಫೈಲಿನಲ್ಲಿ ಮಲಗಿತ್ತು ಅನ್ನೋದು ನಮ್ಮಂಥವರು ಮರೆಯೋ ವಿಷಯವಲ್ಲ.

ಹಾಗಾಗಿ ಮನೆ ತೋರಿಸೋಕೆ ಬಂದ ಏಜೆಂಟ್ ಹತ್ರ ಮೊದಲು ಕೇಳಬೇಕಾದ್ದು ಮೀಸಲು ನಿಧಿಯಲ್ಲಿ ಎಷ್ಟಿದೆ, ಕೊನೆಯ ತಾಂತ್ರಿಕ ಪರಿಶೀಲನೆ ಯಾವಾಗ ಆಯ್ತು, ಕಳೆದ ಎರಡು ವರ್ಷದ ಮೀಟಿಂಗ್ ನಡಾವಳಿ ಕೊಡ್ತೀರಾ ಅಂತ. ಆ ನಡಾವಳಿ ಬೋರು ಹೊಡೆಸುವ ಕಾಗದ, ನಿಜ. ಆದರೆ ‘ಬಾಯ್ಲರ್ ವಿಷಯ ಮುಂದಿನ ಸಭೆಗೆ’ ಅನ್ನೋ ವಾಕ್ಯ ನಾಲ್ಕು ಸಭೆಯಲ್ಲಿ ಸತತವಾಗಿ ಬಂದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಎಷ್ಟು ಮಾಲೀಕರು ಮೇಂಟೆನೆನ್ಸ್ ಬಾಕಿ ಉಳಿಸಿಕೊಂಡಿದ್ದಾರೆ ಅಂತಲೂ ಕೇಳಿ. 15%ಗಿಂತ ಹೆಚ್ಚು ಮನೆಗಳ ಬಾಕಿ 60 ದಿನ ದಾಟಿದ್ದರೆ ಫ್ಯಾನಿ ಮೇ ಸಂಸ್ಥೆ ಆ ಕಟ್ಟಡದ ಸಾಲಗಳನ್ನು ಕೊಳ್ಳೋದಿಲ್ಲ. ಅಂದ್ರೆ ಬ್ಯಾಂಕುಗಳೂ ಹಿಂಜರಿಯುತ್ತವೆ. ಇವತ್ತು ನೀವು ಕೈಯಿಂದ ದುಡ್ಡು ಹಾಕಿ ಕೊಂಡರೂ ನಾಳೆ ನಿಮ್ಮಿಂದ ಕೊಳ್ಳುವವರಿಗೆ ಸಾಲ ಸಿಗಬೇಕಲ್ಲ.

ಒಂದು ಅಡ್ಡಮಾತು. ಡೌನ್‌ಟೌನಿನ ಹಲವು ಕಟ್ಟಡಗಳಿಗೆ ಬಾಯ್ಲರೇ ಇಲ್ಲ, ನೆಲದಡಿಯ ಪೈಪುಗಳಲ್ಲಿ ಉಗಿ ಬರುತ್ತೆ. 1903ರಿಂದ ನಡೆದುಬಂದ ವ್ಯವಸ್ಥೆ ಅದು. ಚಳಿಗಾಲದಲ್ಲಿ ರಸ್ತೆಯ ಮ್ಯಾನ್‌ಹೋಲುಗಳಿಂದ ಹಬೆ ಏಳೋದು ಅದರಿಂದಲೇ. ಥರ್ಮೋಡೈನಮಿಕ್ಸ್ ಪಾಸಾದವರು ನೋಡಿ ಖುಷಿಪಡಬಹುದು, ಬಿಲ್ ಬಂದಾಗಿನ ಖುಷಿ ಬೇರೆ.

ಈಗ ದುಡ್ಡಿನ ಲೆಕ್ಕ. 3,00,000 ಡಾಲರ್ ಬೆಲೆಯ ಕಾಂಡೊ, 20% ಕೈಯಿಂದ, ಉಳಿದ 2,40,000ಕ್ಕೆ 6.5% ಬಡ್ಡಿಯಲ್ಲಿ 30 ವರ್ಷದ ಸಾಲ ಅಂದುಕೊಳ್ಳೋಣ. ಕಂತು ತಿಂಗಳಿಗೆ ಸುಮಾರು 1,517 ಡಾಲರ್ ಬರುತ್ತೆ. ಹೆಚ್ಚಿನವರು ಇಲ್ಲಿಗೇ ಕ್ಯಾಲ್ಕ್ಯುಲೇಟರ್ ಮುಚ್ಚಿಡ್ತಾರೆ. ಮಿಶಿಗನ್‌ನಲ್ಲಿ ಆಸ್ತಿಯ ಅರ್ಧ ಮೌಲ್ಯದ ಮೇಲೆ ತೆರಿಗೆ, ಅಂದ್ರೆ ಇಲ್ಲಿ 1,50,000ದ ಮೇಲೆ. ದರವನ್ನು ಮಿಲ್ ಲೆಕ್ಕದಲ್ಲಿ ಹೇಳ್ತಾರೆ, ಸಾವಿರ ಡಾಲರಿಗೆ ಒಂದು ಡಾಲರ್ ಅಂದ್ರೆ ಒಂದು ಮಿಲ್. ಲೆಕ್ಕಕ್ಕೆ 67 ಮಿಲ್ ಇಟ್ಟುಕೊಂಡರೆ ವರ್ಷಕ್ಕೆ 10,050, ತಿಂಗಳಿಗೆ ಸುಮಾರು 838. ಅಸೋಸಿಯೇಷನ್ ಶುಲ್ಕ 600 ಅಂತಿಟ್ಟುಕೊಳ್ಳಿ. ಡೆಟ್ರಾಯಿಟ್ ನಿವಾಸಿಗಳ ಆದಾಯದ ಮೇಲೆ ನಗರವೇ 2.4% ತೆರಿಗೆ ಹಾಕುತ್ತೆ. ವರ್ಷಕ್ಕೆ 90,000 ಸಂಬಳವಾದರೆ ಅದು ತಿಂಗಳಿಗೆ ಸುಮಾರು 180. ಊರ ಹೊರಗಿದ್ದು ಒಳಗೆ ಕೆಲಸ ಮಾಡುವವರಿಗೆ ಇದರ ಅರ್ಧ. ಎಲ್ಲ ಕೂಡಿ 3,135. ಕಂತು ಅದರಲ್ಲಿ ಅರ್ಧಕ್ಕಿಂತ ಕಡಿಮೆ! ಇನ್ನು ಕಾರಿನ ವಿಮೆ, ಪಾರ್ಕಿಂಗ್ ಸೇರಿಸಿಲ್ಲ. ಡೆಟ್ರಾಯಿಟ್ ಕಾರು ವಿಮೆ ಅಮೆರಿಕದಲ್ಲೇ ದುಬಾರಿಯವುಗಳಲ್ಲಿ ಒಂದು.

ತೆರಿಗೆಯಲ್ಲಿ ಒಂದು ಗುಂಡಿ ಇದೆ, ಅಲ್ಲಿ ಬಹಳ ಜನ ಬೀಳ್ತಾರೆ. 1994ರಲ್ಲಿ ಬಂದ ಬದಲಾವಣೆಯಿಂದ, ಒಬ್ಬರೇ ಮಾಲೀಕರು ಇರುವವರೆಗೆ ತೆರಿಗೆಯ ಮೌಲ್ಯ ವರ್ಷಕ್ಕೆ ಹಣದುಬ್ಬರದಷ್ಟು ಅಥವಾ 5%, ಯಾವುದು ಕಡಿಮೆಯೋ ಅಷ್ಟೇ ಏರಬಹುದು. ಮಾರಾಟವಾದ ಮರುವರ್ಷ ಆ ಮಿತಿ ಕಳಚಿ ಈಗಿನ ಬೆಲೆಗೆ ಏರುತ್ತೆ. ಬೆಲೆ ಬಿದ್ದಿದ್ದ ಕಾಲದಲ್ಲಿ ಕೊಂಡವರು 60,000ದ ಮೇಲೆ 4,020 ಡಾಲರ್ ಕಟ್ಟುತ್ತಿದ್ದರೆ ಜಾಹೀರಾತಿನಲ್ಲಿ ಕಾಣೋದು ಆ 4,020. ನಿಮಗೆ ಬರೋದು 10,050. ಚೇತರಿಸಿಕೊಳ್ಳುತ್ತಿರುವ ಊರಲ್ಲೇ ಈ ಅಂತರ ದೊಡ್ಡದಾಗಿರುತ್ತೆ. ಹೊಸದಾಗಿ ಕಟ್ಟಿದ ಅಥವಾ ದುರಸ್ತಿಯಾದ ಕೆಲವು ಕಟ್ಟಡಗಳಿಗೆ 1992ರ ಕಾಯ್ದೆಯಡಿ ಕೆಲವು ವರ್ಷ ತೆರಿಗೆ ರಿಯಾಯಿತಿ ಇದೆ. ಅದು ಇದೆಯಾ ಅಂತ ಮಾತ್ರ ಕೇಳಿದರೆ ಸಾಲದು, ಎಷ್ಟು ವರ್ಷ ಉಳಿದಿದೆ ಅಂತ ಕೇಳಬೇಕು.

ನಮ್ಮವರಿಗೆ ಇನ್ನೊಂದು ಪ್ರಶ್ನೆ ಬೇರೆ ಎಲ್ಲರಿಗಿಂತ ಮುಖ್ಯ. ಎಚ್-1ಬಿ ವೀಸಾದಲ್ಲಿರುವವರ ಕೆಲಸ ಹೋದರೆ ಇನ್ನೊಂದು ದಾರಿ ಹುಡುಕೋಕೆ ಸಿಗೋದು ಹೆಚ್ಚೆಂದರೆ 60 ದಿನ. ಬೇರೆ ಊರಿಗೋ, ವಾಪಸ್ ಇಲ್ಲಿಗೋ ಹೋಗಬೇಕಾದರೆ ಕಾಂಡೊವನ್ನು ಬಾಡಿಗೆಗೆ ಕೊಡಬಹುದು ಅನ್ನೋ ಧೈರ್ಯ ಇರುತ್ತಲ್ಲ, ಅದನ್ನು ಬೈಲಾ ಕಿತ್ತುಕೊಳ್ಳಬಹುದು. ಎಷ್ಟೋ ಕಟ್ಟಡಗಳಲ್ಲಿ ಇಷ್ಟೇ ಮನೆ ಬಾಡಿಗೆಗೆ ಅಂತ ಮಿತಿ ಇರುತ್ತೆ, ಮಿತಿ ತುಂಬಿದ್ದರೆ ಸರದಿಯಲ್ಲಿ ನಿಲ್ಲಬೇಕು. ಅಷ್ಟರವರೆಗೆ ಖಾಲಿ ಮನೆಗೆ ತಿಂಗಳಿಗೆ ಮೂರು ಸಾವಿರ. ಬೈಲಾದ ಬಾಡಿಗೆ ಪುಟ ಓದದೆ ಸಹಿ ಹಾಕಬೇಡಿ ಅಂತ ನಾವು ಅಣ್ಣಂದಿರಿಗೂ ಅಕ್ಕಂದಿರಿಗೂ ಕೈಮುಗಿದು ಹೇಳ್ತೀವಿ.

ಏರಿಯಾ ವಿಷಯಕ್ಕೆ ಬರೋಣ. ಊರು ಚೇತರಿಸಿಕೊಂಡಿದೆ ಅನ್ನೋ ಮಾತು ಊರಿಗೆಲ್ಲ ಅನ್ವಯಿಸಲ್ಲ, ಬೀದಿ ಬೀದಿಗೂ ಬೇರೆ. 2013ರ ಸುಮಾರಿಗೆ ಇಲ್ಲಿನ ಬೀದಿದೀಪಗಳಲ್ಲಿ ಹತ್ತಿರ ಹತ್ತಿರ 40% ಉರಿಯುತ್ತಿರಲಿಲ್ಲ. 2016ರ ಕೊನೆಗೆ ಸುಮಾರು 65,000 ಎಲ್‌ಇಡಿ ದೀಪ ಹಾಕಿ ಮುಗಿಸಿದರು. ರಾತ್ರಿ ಒಬ್ಬರೇ ಓಡಾಡುವ ಹುಡುಗಿಗೆ ಇದು ದೊಡ್ಡ ಕಟ್ಟಡದ ಉದ್ಘಾಟನೆಗಿಂತ ದೊಡ್ಡ ಸುದ್ದಿ. ಮನೆ ನೋಡೋಕೆ ಜುಲೈ ಶನಿವಾರ ಹೋಗಬೇಡಿ, ಆಗ ಕ್ಯಾಂಪಸ್ ಮಾರ್ಷಿಯಸ್ ಪಾರ್ಕಿನಲ್ಲಿ ಜಾತ್ರೆಯಂತೆ ಜನ. ಜನವರಿಯ ಮಂಗಳವಾರ ಸಂಜೆ ಆರಕ್ಕೆ, ಕತ್ತಲಾದ ಮೇಲೆ, ಕಟ್ಟಡದಿಂದ ದಿನಸಿ ಅಂಗಡಿಗೆ ನಡೆದು ನೋಡಿ.

ನಡೆಯೋಕಾಗದಿದ್ದರೆ ಡೌನ್‌ಟೌನ್ ಒಳಗೆ ಪೀಪಲ್ ಮೂವರ್ ಇದೆ. 1987ರಿಂದ ಓಡುತ್ತಿರುವ, ಸುಮಾರು 4.7 ಕಿ.ಮೀ. ಸುತ್ತು ಹಾಕುವ ಪುಟ್ಟ ರೈಲು. ವುಡ್‌ವರ್ಡ್ ಅವೆನ್ಯೂ ಉದ್ದಕ್ಕೆ 2017ರಲ್ಲಿ ಶುರುವಾದ ಕ್ಯೂಲೈನ್ ಟ್ರಾಮು ಮಿಡ್‌ಟೌನ್ ದಾಟಿ 5.3 ಕಿ.ಮೀ. ಹೋಗುತ್ತೆ. ಎರಡೂ ಚೆಂದ. ಆದರೆ ನಿಮ್ಮ ಆಫೀಸು ಡಿಯರ್‌ಬಾರ್ನ್‌ನಲ್ಲೋ ವಾರೆನ್‌ನಲ್ಲೋ ಇದ್ದರೆ ಇವು ಉಪಯೋಗಕ್ಕೆ ಬರಲ್ಲ, ಕಾರು ಬೇಕೇ ಬೇಕು. ಅರೀನಾ, ಸ್ಟೇಡಿಯಮ್ಮುಗಳ ಹತ್ತಿರ ಮನೆ ಮಾಡಿದರೆ ಪಂದ್ಯದ ರಾತ್ರಿ ಆ ಕಾರು ನಿಲ್ಲಿಸೋಕೆ ಜಾಗ ಸಿಗೋದು ಕಷ್ಟ. ಬ್ರಷ್ ಪಾರ್ಕ್‌ನಲ್ಲಿ ಹಳೇ ವಿಕ್ಟೋರಿಯನ್ ಬಂಗಲೆಗಳ ನಡುವೆ ಹೊಸ ಕಾಂಡೊಗಳು ಬಂದಿವೆ. ಹೊಸ ಕಟ್ಟಡವಾದ್ದರಿಂದ ಗೋಡೆಯ ಚಿಂತೆ ಕಡಿಮೆ, ಬೆಲೆಯ ಚಿಂತೆ ಜಾಸ್ತಿ. ಕಾರ್ಕ್‌ಟೌನ್ ಆ ರೈಲು ನಿಲ್ದಾಣದ ಏರಿಯಾ. ಮಕ್ಕಳ ಶಾಲೆಯ ಮಾತು ಬಂದಾಗ ನಮ್ಮ ಕನ್ನಡ ಕುಟುಂಬಗಳಲ್ಲಿ ಬಹಳ ಮಂದಿ ಟ್ರಾಯ್, ನೊವೈ ಕಡೆ ಹೊರಡೋದು ವಾಡಿಕೆ. ಐದು ವರ್ಷದ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಲಫಯೆಟ್ ಪಾರ್ಕ್. 1950ರ ದಶಕದ ಕೊನೆಯಲ್ಲಿ ಮೀಸ್ ವಾನ್ ಡರ್ ರೋಹೆ ವಿನ್ಯಾಸ ಮಾಡಿದ ಮನೆಗಳು, ಸುತ್ತ ದೊಡ್ಡ ಮರಗಳು, ಶನಿವಾರದ ಈಸ್ಟರ್ನ್ ಮಾರ್ಕೆಟ್ ಸಂತೆಗೆ ನಡೆದೇ ಹೋಗಬಹುದು. ಆರ್ಕಿಟೆಕ್ಚರ್ ಗೆಳೆಯರು ಹೊಗಳುತ್ತಲೇ ಇರ್ತಾರೆ. ಆದರೆ ಮೀಸ್ ಕಟ್ಟಿದ ಅಲ್ಲಿನ ಸಾಲುಮನೆಗಳು ಕಾಂಡೊ ಅಲ್ಲ, ಕೋ-ಆಪ್. ನೀವು ಕೊಳ್ಳೋದು ಸಹಕಾರ ಸಂಘದ ಷೇರು. ಸಂಘದ ಮಂಡಳಿ ಒಪ್ಪಬೇಕು, ಸಾಲ ಕೊಡುವ ಬ್ಯಾಂಕುಗಳೂ ಕಡಿಮೆ. ಇನ್ನೊಂದು ವಿಷಯ ಏಜೆಂಟ್ ಹೇಳಲಿಕ್ಕಿಲ್ಲ. ಆ ಜಾಗ ಮೊದಲು ಬ್ಲ್ಯಾಕ್ ಬಾಟಮ್ ಆಗಿತ್ತು, ಕಪ್ಪು ಜನರ ಮನೆ, ಅಂಗಡಿ, ಸಂಗೀತದ ಕ್ಲಬ್ಬುಗಳಿದ್ದ ಬಡಾವಣೆ. ‘ನಗರ ನವೀಕರಣ’ ಅಂತ ಹೇಳಿ ಕೆಡವಿದರು, ಪಕ್ಕದ ಹೇಸ್ಟಿಂಗ್ಸ್ ಬೀದಿಯ ಮೇಲೆ ಹೆದ್ದಾರಿ ಎಳೆದರು. ಈಗ ಲಫಯೆಟ್ ಪಾರ್ಕಿನಿಂದ ಡೌನ್‌ಟೌನಿಗೆ ನಡೆಯುವವರು ದಾಟಬೇಕಾದ್ದು ಅದೇ ಹೆದ್ದಾರಿಯನ್ನು. ಹಾಗಾಗಿ ಹಳೇ ನೆರೆಯವರ ಎದುರು ‘ಈ ಊರು ಈಗ ಉದ್ಧಾರ ಆಯ್ತು’ ಅಂತ ಹೇಳೋ ಮುಂಚೆ ಅವರ ಮಾತು ಸ್ವಲ್ಪ ಕೇಳಿಸಿಕೊಳ್ಳಿ. ಯಾವ ಕಟ್ಟಡದಲ್ಲಿ ನೀರು ಬರುತ್ತೆ, ಯಾವ ಬಿಲ್ಡರ್ ಮಾತಿಗೆ ತಪ್ಪಿದ ಅನ್ನೋದೂ ಅವರಿಗೇ ಗೊತ್ತಿರೋದು.

ಕೊನೆಗೆ ಕಾಗದದ ಮಾತು. ಮಿಶಿಗನ್‌ನಲ್ಲಿ ಬಿಲ್ಡರ್ ಹತ್ರ ನೇರವಾಗಿ ಹೊಸ ಕಾಂಡೊ ಕೊಂಡರೆ, ದಾಖಲೆಗಳು ಕೈಸೇರಿದ ಮೇಲೆ 9 ಕೆಲಸದ ದಿನಗಳೊಳಗೆ ಒಪ್ಪಂದದಿಂದ ಹಿಂದೆ ಸರಿಯಬಹುದು. ಹಳೇ ಮಾಲೀಕರಿಂದ ಕೊಳ್ಳುವಾಗ ಈ ಸೌಲಭ್ಯ ಇಲ್ಲ. ಅಲ್ಲಿ ‘ಅಸೋಸಿಯೇಷನ್ ದಾಖಲೆ ನೋಡಿ ಒಪ್ಪಿಗೆಯಾದರೆ ಮಾತ್ರ’ ಅನ್ನೋ ಷರತ್ತನ್ನು ನೀವೇ ಆಫರ್ ಪತ್ರದಲ್ಲಿ ಬರೆಸಬೇಕು.