ಕಾಶಿಗೆ ಕಾರಿನಲ್ಲಿ: ಆರು ರಾಜ್ಯಗಳ ದಾರಿಯಲ್ಲಿ ನಿಮ್ಮ ಹಕ್ಕುಗಳು

ಬೆಂಗಳೂರಿನಿಂದ ಕಾಶಿಗೆ ಸ್ವಂತ ಕಾರಿನಲ್ಲೇ ಹೋಗಿಬರೋಣ ಎನ್ನುವ ಕುಟುಂಬಕ್ಕೆ ದಾರಿ ಹುಡುಕುವ ಕಷ್ಟವಿಲ್ಲ. ಅನಂತಪುರ, ಕರ್ನೂಲು, ಹೈದರಾಬಾದ್, ನಾಗಪುರ, ಜಬಲ್ಪುರ, ರೀವಾ ಮೂಲಕ ಸಾಗುವ ಇದು ಹಳೆಯ ರಾಷ್ಟ್ರೀಯ ಹೆದ್ದಾರಿ 7ರ ಜಾಡು. ಇದರಲ್ಲಿ ನಾಗಪುರದಾಚೆಯವರೆಗಿನ ಭಾಗ ಈಗ ಹೆದ್ದಾರಿ 44. ನಿಂತು ನೋಡುವಂಥದ್ದೂ ಬೇಕಾದಷ್ಟಿದೆ: ಲೇಪಾಕ್ಷಿಯ ಏಕಶಿಲಾ ನಂದಿ, ಪೆಂಚ್ ಕಾಡು, ಭೇಡಾಘಾಟ್‌ನ ಅಮೃತಶಿಲೆ ಬಂಡೆಗಳ ನಡುವೆ ಹರಿಯುವ ನರ್ಮದೆ, ಕೊನೆಗೆ ಕಾಶಿಯ ಜಂಗಮವಾಡಿ ಮಠ. ಕೋಣೆ ಕಾಯ್ದಿರಿಸಿ, ತಿಂಡಿ ಡಬ್ಬಿ ತುಂಬಿಸಿದರೆ ತಯಾರಿ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಈ ಆರು ರಾಜ್ಯಗಳಲ್ಲಿ ಕೆಲವು ಕಾನೂನು ಎಲ್ಲೆಡೆ ಒಂದೇ, ಕೆಲವು ಗಡಿ ದಾಟಿದ ಕೂಡಲೇ ಬದಲಾಗುತ್ತವೆ. ಯಾವುದು ಯಾವುದೆಂದು ಮನೆಯಲ್ಲೇ ತಿಳಿದು ಹೊರಟವರು ಭಾಷೆ ಬಾರದ ಊರಿನಲ್ಲಿ ಕಂಗೆಡಬೇಕಾಗಿಲ್ಲ.

ಮೊದಲು ಇನ್ಶೂರೆನ್ಸ್ ಪಾಲಿಸಿಯನ್ನು ಮೇಜಿನ ಮೇಲೆ ಹರಡಿಕೊಂಡು ಓದಿ. ಅದರಲ್ಲಿ ಎರಡು ಅವಧಿ ಬರೆದಿರಬಹುದು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ನಮ್ಮ ಕಾರಿನ ಹಾನಿ ತುಂಬಿಕೊಡುವ ಓನ್ ಡ್ಯಾಮೇಜ್ ಭಾಗ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷದ್ದು. ಥರ್ಡ್ ಪಾರ್ಟಿ ಚಾಲ್ತಿಯಲ್ಲಿರುವುದರಿಂದ ಪೊಲೀಸರು ದಂಡ ಹಾಕುವುದಿಲ್ಲ. ಅದನ್ನೇ ನಂಬಿಕೊಂಡವರಿಗೆ ಇನ್ನೊಂದು ಭಾಗ ಯಾವಾಗಲೋ ಮುಗಿದದ್ದು ಗೊತ್ತೇ ಇರುವುದಿಲ್ಲ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಖಾಸಗಿ ಕಾರಿನಲ್ಲಿ ನಮ್ಮ ಚಾಲಕನ ತಪ್ಪಿನಿಂದಲೇ ಅಪಘಾತವಾದರೆ, ಒಳಗೆ ಕೂತವರಿಗೆ ಆ ಪಾಲಿಸಿಯಿಂದ ಪರಿಹಾರ ಸಿಗುವುದಿಲ್ಲ. ಎರಡೂ ಭಾಗ ಸೇರಿದ ಪ್ಯಾಕೇಜ್ ಪಾಲಿಸಿ ಇದ್ದರೆ ಸಿಗುತ್ತದೆ. ಸುಪ್ರೀಂ ಕೋರ್ಟ್ 2012ರಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ. ಅಪ್ಪ, ಅಮ್ಮ, ಮಕ್ಕಳನ್ನು ಕೂರಿಸಿಕೊಂಡು ಅಷ್ಟು ದೂರ ಹೊರಡುವಾಗ ಪ್ರೀಮಿಯಂನಲ್ಲಿ ಉಳಿಸುವ ನಾಲ್ಕು ಕಾಸಿಗೆ ದಯವಿಟ್ಟು ಆಸೆಪಡಬೇಡಿ.

ಕಾರು ಯಾರದ್ದು ಎಂಬುದೂ ಅಷ್ಟೇ ಮುಖ್ಯ. ಪರಿಚಯದವರ ವೈಟ್ ಬೋರ್ಡ್ ಗಾಡಿಯನ್ನು ದಿನಕ್ಕಿಷ್ಟು ಎಂದು ಬಾಡಿಗೆಗೆ ಒಯ್ಯುವ ರೂಢಿ ನಮ್ಮಲ್ಲಿ ಧಾರಾಳವಾಗಿದೆ. ಅದಕ್ಕೆ ಪರ್ಮಿಟ್ ಇಲ್ಲ. ಬಾಡಿಗೆ ಬಳಕೆ ಖಾಸಗಿ ಪಾಲಿಸಿಯ ಷರತ್ತಿನ ಹೊರಗೆ. ಅಪಘಾತವಾದ ದಿನ ವಿಮಾ ಕಂಪನಿ ಕೈತೊಳೆದುಕೊಳ್ಳಲು ಅದೊಂದೇ ಸಾಕು. ನಾವೇ ಓಡಿಸಲು ಬಾಡಿಗೆಗೆ ಪಡೆಯುವ ಕಾರಿನ ನಂಬರ್ ಪ್ಲೇಟ್ ಕಪ್ಪಾಗಿದ್ದು, ಅಕ್ಷರ ಹಳದಿ ಇರಬೇಕು.

ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟುಗಳನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೆ ಸಾಕು. 2018ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮ 139 ಇಡೀ ದೇಶಕ್ಕೆ ಅನ್ವಯಿಸುತ್ತದೆ. ಫೋನಿನ ಗ್ಯಾಲರಿಯಲ್ಲಿರುವ ಫೋಟೊಗೆ ಮಾತ್ರ ಆ ಮಾನ್ಯತೆ ಇಲ್ಲ. ಡಿಎಲ್ ಅವಧಿ ಮುಗಿದ ಮೇಲೂ ಮೂವತ್ತು ದಿನ ನಡೆಯುತ್ತದೆ ಎಂಬುದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಗೆ ಹಿಂದಿನ ಮಾತು. ಈಗ ಆ ರಿಯಾಯಿತಿ ಇಲ್ಲ. ನಮ್ಮ ಕೆಎ ನೋಂದಣಿ ದೇಶವಿಡೀ ನಡೆಯುತ್ತದೆ. ಒಂದೇ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಮಾತ್ರ ಹೊಸ ನಂಬರ್ ಬೇಕು.

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೈ ತೋರಿಸಿದರೆ ನಿಲ್ಲಿಸಿ, ಲೈಸೆನ್ಸ್ ತೋರಿಸಿ. ಅದು ನಮ್ಮ ಕರ್ತವ್ಯ. ಆದರೆ ಗಾಡಿಯ ಕೀ ಕಿತ್ತುಕೊಳ್ಳುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆ ಕೊಟ್ಟಿಲ್ಲ. ಲೈಸೆನ್ಸ್ ವಶಕ್ಕೆ ತೆಗೆದುಕೊಂಡರೆ ಕಲಂ 206ರ ಪ್ರಕಾರ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಲೇಬೇಕು. ಲೈಸೆನ್ಸ್ ವಾಪಸು ಬರುವವರೆಗೆ ಆ ಪತ್ರದ ಮೇಲೆ ಗಾಡಿ ಓಡಿಸಬಹುದು. ಸ್ಥಳದಲ್ಲೇ ಕಟ್ಟುವ ದಂಡದ ಮೊತ್ತವನ್ನು ಆಯಾ ರಾಜ್ಯ ನಿಗದಿ ಮಾಡುತ್ತದೆ. ಹೀಗಾಗಿ ಬೆಂಗಳೂರಿನ ದರ ಹೇಳಿ ನಾಗಪುರದಲ್ಲಿ ವಾದಿಸಿ ಫಲವಿಲ್ಲ. ಚಲನ್ ಕೇಳಿ ಪಡೆಯಿರಿ. ತಪ್ಪು ಮಾಡಿಲ್ಲವೆಂದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳುವೆ ಎನ್ನುವುದು ನಿಮ್ಮ ಹಕ್ಕು.

ರಸೀದಿಯಿಲ್ಲದೆ ಐನೂರು ಕೊಟ್ಟು ಮುಂದೆ ಹೋಗೋಣ ಎನಿಸುವುದು ಸಹಜ. ಆದರೆ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಒಳಗಾಗಿ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸ್ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ರಕ್ಷಣೆ ಇದೆ.

ಸಾಲು ನೂರು ಮೀಟರ್ ಮೀರಿದರೆ ಟೋಲ್ ಕಟ್ಟಬೇಕಿಲ್ಲ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಕಥೆಯನ್ನು ನಂಬಬೇಡಿ. 2021ರಲ್ಲಿ ಬಂದಿದ್ದ ಆ ಸೂಚನೆಯನ್ನು ಹೆದ್ದಾರಿ ಪ್ರಾಧಿಕಾರ 2024ರಲ್ಲಿ ಹಿಂಪಡೆದಿದೆ. ನಿಜವಾದ ಹಕ್ಕು ಬೇರೆ ಇದೆ: ನಿಮ್ಮ ಫಾಸ್ಟ್ಯಾಗ್ ಸರಿಯಿದ್ದು, ಹಣವೂ ಇದ್ದು, ಅಲ್ಲಿನ ಯಂತ್ರವೇ ಕೆಟ್ಟಿದ್ದರೆ ಶುಲ್ಕವಿಲ್ಲದೆ ಬಿಡಬೇಕು, ಜೊತೆಗೆ ಶೂನ್ಯ ಮೊತ್ತದ ರಸೀದಿ ಕೊಡಬೇಕು. 2018ರಿಂದಲೂ ಇರುವ ನಿಯಮ ಇದು. ಒಪ್ಪದಿದ್ದರೆ 1033ಕ್ಕೆ ಕರೆ ಮಾಡಿ. ಟ್ಯಾಗ್ ಕೆಲಸ ಮಾಡದಿದ್ದಾಗ ನಗದಿನಲ್ಲಿ ಕಟ್ಟಿದರೆ ಎರಡು ಪಟ್ಟು, ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು ಎಂಬ ನಿಯಮ 2025ರ ನವೆಂಬರ್ 15ರಂದು ಜಾರಿಗೆ ಬಂತು. 2025ರ ಆಗಸ್ಟ್ 15ರಂದು ಶುರುವಾದ ವಾರ್ಷಿಕ ಪಾಸ್ ಇಷ್ಟು ದೂರದ ಖಾಸಗಿ ಕಾರಿಗೆ ಲಾಭದಾಯಕವೇ; ರಾಜ್ಯ ಹೆದ್ದಾರಿಗಳ ಟೋಲ್‌ನಲ್ಲಿ ಮಾತ್ರ ಅದು ನಡೆಯುವುದಿಲ್ಲ.

ಪೆಟ್ರೋಲ್ ಬಂಕ್‌ನಲ್ಲಿ ಅನುಮಾನ ಬಂದರೆ ಐದು ಲೀಟರ್ ಅಳತೆ ಪಾತ್ರೆ ತರಿಸಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಆ ಪಾತ್ರೆಯನ್ನು ಪ್ರತಿ ಬಂಕ್‌ನಲ್ಲೂ ಇಟ್ಟಿರಬೇಕು. ಮೀಟರ್ ಐದು ತೋರಿಸುವಷ್ಟು ಹಾಕಿಸಿ, ಕುತ್ತಿಗೆಯ ಗೆರೆ ನೋಡಿ. ಕಲಬೆರಕೆಯ ಶಂಕೆಯಿದ್ದರೆ ಫಿಲ್ಟರ್ ಪೇಪರ್ ಕೇಳಿ ಒಂದು ಹನಿ ಪೆಟ್ರೋಲ್ ಬಿಡಿ. ಆರಿದ ಮೇಲೆ ಕಲೆ ಉಳಿದರೆ ದೂರಿನ ಪುಸ್ತಕದಲ್ಲಿ ಬರೆಯಿರಿ. ಗಾಳಿ, ಕುಡಿಯುವ ನೀರು, ಶೌಚಾಲಯ ಉಚಿತ. ಮಹಿಳೆಯರು ಶೌಚಾಲಯದ ಬೀಗದ ಕೈ ಕೇಳಲು ಸಂಕೋಚಪಡಬೇಕಿಲ್ಲ.

ಲೇಪಾಕ್ಷಿಯ ವೀರಭದ್ರ ದೇಗುಲ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಂಬದ ಮೇಲೆ ಹೆಸರು ಕೆತ್ತಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಜೊತೆಗಿರುವ ಮಕ್ಕಳಿಗೆ ಮೊದಲೇ ಹೇಳಿ. ನಾಗಪುರ ದಾಟಿದ ಮೇಲೆ ಪೆಂಚ್ ಬಳಿ ಪ್ರಾಣಿಗಳು ಅಡಿಯಲ್ಲಿ ದಾಟಲೆಂದು ರಸ್ತೆಯನ್ನೇ ಎತ್ತರಿಸಿ ಕಟ್ಟಿದ್ದಾರೆ. ಅಲ್ಲಿ ಕಾರು ನಿಲ್ಲಿಸಬೇಡಿ. ಅಭಯಾರಣ್ಯದೊಳಗೆ ಪ್ರಾಣಿಯನ್ನು ಕೆಣಕುವುದು, ಕಸ ಎಸೆಯುವುದು 1972ರ ವನ್ಯಜೀವಿ ಕಾಯ್ದೆಯಡಿ ನಿಷಿದ್ಧ.

ಕಾಶಿಯಿಂದ ಬೋಧಗಯೆಗೂ ಹೋಗಿಬರುವವರು ಡಿಕ್ಕಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಬಿಹಾರದಲ್ಲಿ 2016ರಿಂದ ಪೂರ್ಣ ಪಾನನಿಷೇಧವಿದೆ. ಬೇರೆ ರಾಜ್ಯದಲ್ಲಿ ಬಿಲ್ ಸಮೇತ ಕೊಂಡ ಒಂದೇ ಬಾಟಲಿ ಸಿಕ್ಕಿದರೂ ಕೇಸು, ಬಂಧನ, ಕಾರಿನ ಜಪ್ತಿ. ಎಲ್ಲೋ ಕುಡಿದು ಬಂದು ಅಮಲಿನಲ್ಲಿ ಸಿಕ್ಕಿಬಿದ್ದರೂ ಅಪರಾಧವೇ. ನೇಪಾಳಕ್ಕೆ ದಾಟುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ಸಾಲದು. ಕಾರಿನ ವಿಮೆಯನ್ನೂ ನೇಪಾಳಕ್ಕೆ ವಿಸ್ತರಿಸಿಕೊಂಡಿರಬೇಕು.

ಕಾಶಿಯ ಘಾಟಿನಲ್ಲಿ ಬ್ಯಾಗು ಕಳುವಾದದ್ದು ಮಿರ್ಜಾಪುರ ತಲುಪಿದ ಮೇಲೆ ಗೊತ್ತಾಯಿತೆನ್ನಿ. ಹಿಂದಕ್ಕೆ ಓಡಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಮ್ಮ ವ್ಯಾಪ್ತಿಯಲ್ಲ ಎನ್ನುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸಿ.

ಇನ್ನು ಅಪಘಾತದ ಮಾತು. ಮೊದಲ ಕರೆ 112ಕ್ಕೆ. ಹಣ ಅಥವಾ ಪೊಲೀಸ್ ಕಾಗದ ಕೇಳುತ್ತ ಆಸ್ಪತ್ರೆ ಕಾಯಿಸುವಂತಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟ್ ಮೊದಲು ಚಿಕಿತ್ಸೆ ಎಂದಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯ ಕೌಂಟರ್‌ನಲ್ಲಿ ಈ ಯೋಜನೆಯ ಹೆಸರೆತ್ತಿ ಕೇಳಿ. ರಸ್ತೆಯಲ್ಲಿ ಬೇರೆಯವರು ಗಾಯಗೊಂಡು ಬಿದ್ದಿದ್ದರೆ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ ಕಲಂ 134ಎ ನೆರವಾದವರನ್ನು ಕಾಪಾಡುತ್ತದೆ. ಹೆಸರು, ವಿಳಾಸ ಕೊಡಿ ಎಂದು ಪೊಲೀಸರು ಒತ್ತಾಯಿಸುವಂತಿಲ್ಲ. ಕೇಸಿಗೆ ಹೆದರಿ ಯಾರೂ ಕಣ್ಣು ತಪ್ಪಿಸಿ ಹೋಗಬಾರದು.

ಪರಿಹಾರಕ್ಕಾಗಿ ಅಪಘಾತ ನಡೆದ ಸಿವನಿಗೋ ರೀವಾಕ್ಕೋ ಅಲೆಯಬೇಕು ಎಂದು ಹೆದರಿ ಕೈಬಿಡುವವರಿದ್ದಾರೆ. ಅಲೆಯಬೇಕಿಲ್ಲ. ಅದೇ ಕಾಯ್ದೆಯ ಕಲಂ 166ರ ಪ್ರಕಾರ ನೀವು ವಾಸವಿರುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಮಧ್ಯಪ್ರದೇಶದಲ್ಲಿ ನಡೆದ ಅಪಘಾತಕ್ಕೆ ದಾವಣಗೆರೆಯಲ್ಲಿ ಕೇಸು ನಡೆಯುತ್ತದೆ. ಆರು ತಿಂಗಳೊಳಗೆ ಹಾಕಿ. ಊರಿಗೆ ಮರಳುವ ಮುನ್ನ ಎಫ್‌ಐಆರ್ ಪ್ರತಿ, ಎದುರು ಗಾಡಿಯ ನಂಬರ್ ಮತ್ತು ವಿಮೆಯ ವಿವರ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಪ್ರತಿಯೊಂದು ಬಿಲ್ ಕೈಯಲ್ಲಿರಲಿ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೂ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಸರ್ಕಾರದ ಯೋಜನೆಯಿಂದ ಬರುತ್ತದೆ. ವಕೀಲರಿಗೆ ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಮಕ್ಕಳು, ಅಂಗವಿಕಲರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ.